ನಾಲ್ಕು ಸೆಕೆಂಡಿನ ಉಸಿರು

ಇಸ್ತ್ರಿಯವಳು ಸತ್ತ ಮೇಲೂ ನಾನು ಉಸಿರಾಡುತ್ತಲೇ ಇದ್ದೆ. ನಾಲ್ಕು ಸೆಕೆಂಡು. ಆದ ತಪ್ಪು ಅಷ್ಟೇ.

ನನ್ನ ಕೆಲಸ ಕಂಠದಾನ. ಬೇರೆ ಭಾಷೆಯ ಸಿನಿಮಾ ಬರುತ್ತದೆ, ಅದರ ಹೆಂಗಸರಿಗೆ ನಾನು ನಮ್ಮ ಭಾಷೆಯಲ್ಲಿ ಬಾಯಿ ಕೊಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಅಳುವ ಸೊಸೆಯರು, ಶಾಪ ಹಾಕುವ ಅತ್ತೆಯರು, ಒಮ್ಮೆ ಒಂದು ಮಾತಾಡುವ ಹಂದಿ. ಹಂದಿಗೆ ಒಳ್ಳೆಯ ಹೆಸರು ಬಂತು. ಗೂಢಚಾರಿಣಿ ಸಿಕ್ಕಿದ್ದು ಇದೇ ಮೊದಲು.

ಯುದ್ಧಕಾಲದ ಕತೆ. ಶತ್ರುಗಳು ಹಿಡಿದ ಊರಿನ ಲಾಂಡ್ರಿಯಲ್ಲಿ ಅವಳು ಅಧಿಕಾರಿಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾಳೆ. ಜೇಬಿನಲ್ಲಿ ಸಿಕ್ಕಿದ್ದನ್ನು ಓದಿ, ಮಡಚಿ, ಅಲ್ಲೇ ಇಡುತ್ತಾಳೆ. ಓದಿದ್ದು ಗುಂಡಿ ಹೊಲಿಯುವವಳ ಮೂಲಕ ಗಡಿ ದಾಟುತ್ತದೆ. ಒಂದು ದಿನ ಇಸ್ತ್ರಿಯವಳು ಸಿಕ್ಕಿಬೀಳುತ್ತಾಳೆ. ಅವಳನ್ನು ಗೂಢಚಾರಿಕೆಗೆ ಕಳಿಸಿದ ಕಚೇರಿಯವರು ‘ಅಂಥವಳು ನಮ್ಮಲ್ಲಿಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಲಾಂಡ್ರಿಯ ಹಿತ್ತಲಲ್ಲಿ, ಒಣಹಾಕಿದ ಬಿಳಿ ಹೊದಿಕೆಗಳ ನಡುವೆ, ಮಟಮಟ ಮಧ್ಯಾಹ್ನ ಅಧಿಕಾರಿ ಅವಳ ಜೊತೆಗಾರರಲ್ಲಿ ಒಬ್ಬರದು, ಒಂದೇ ಒಂದು ಹೆಸರು ಕೇಳುತ್ತಾನೆ. ಹೇಳಿದರೆ ಬಿಡುಗಡೆ. ಅವಳು ಹೇಳುವುದಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡು ಬರೀ ಉಸಿರು. ಆಮೇಲೆ ಗುಂಡು. ಕಪ್ಪು ಪರದೆ. ಯಾರೂ ಬರುವುದಿಲ್ಲ.

ಉಸಿರೂ ನಮ್ಮ ಕೆಲಸವೇ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಮೆಟ್ಟಿಲು ಹತ್ತಿದ ಉಸಿರು, ಸುಳ್ಳು ಹೇಳುವ ಮುಂಚಿನ ಉಸಿರು, ನಿದ್ದೆಯ ಉಸಿರು, ಎಲ್ಲವನ್ನೂ ಹೊಸದಾಗಿ ತುಂಬಬೇಕು. ಇಲ್ಲದಿದ್ದರೆ ಪರದೆಯ ಮೇಲಿರುವುದು ಗೊಂಬೆ. ಎಂಟು ದಿನ ಆ ಕೋಣೆಯಲ್ಲಿ ನಿಂತು ಅವಳ ಉಸಿರು ತುಂಬಿದ್ದೆ. ಗೋಡೆಗೆಲ್ಲ ಕಂಬಳಿ, ಫ್ಯಾನ್ ಹಾಕುವಂತಿಲ್ಲ, ಕೈಗಡಿಯಾರ ಕೂಡ ಹೊರಗೆ ಬಿಚ್ಚಿಟ್ಟು ಬರಬೇಕು. ಗಾಜಿನ ಆಚೆ ಸೌಂಡ್ ಇಂಜಿನಿಯರು. ಸದಾ ಕತ್ತಲೆಯಲ್ಲಿ ಕೂರುತ್ತಾನೆ, ಸೂಜಿ ಬಿದ್ದರೂ ಕೇಳುತ್ತದೆ, ಅದಕ್ಕೇ ಎಲ್ಲರೂ ಅವನನ್ನು ಬಾವಲಿ ಎನ್ನುತ್ತಾರೆ.

ಗುಂಡು ಹಾರಿತು. ಪರದೆ ಕಪ್ಪಾಯಿತು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ನನ್ನ ಮಾತು ಕೇಳುತ್ತಿರಲಿಲ್ಲ.

“ಅಕ್ಕಾ,” ಹೆಡ್‌ಫೋನಿನಲ್ಲಿ ಬಾವಲಿ ಮೆಲ್ಲಗೆ ಹೇಳಿದ, “ಸತ್ತೋಗಿದ್ದೀರಿ. ಸಾಕು.”

ಕಣ್ಣು ಒರೆಸಿಕೊಂಡು, “ಅಳಿಸಪ್ಪಾ, ಇನ್ನೊಂದು ಟೇಕ್ ತಗೊಳ್ಳೋಣ” ಎಂದೆ.

“ಮುಟ್ಟಬೇಡ ಅದನ್ನ!” ಬಾವಲಿಯ ಬೆನ್ನ ಹಿಂದಿನಿಂದ ಕೂಗು ಬಂತು. ಸ್ಟುಡಿಯೋದ ಧಣಿ. ಯಾವಾಗ ಬಂದು ನಿಂತಿದ್ದನೋ. “ಇನ್ನೊಂದ್ಸಲ ಹಾಕು.”

ಹಾಕಿದ. ಗುಂಡು. ಕಪ್ಪು. ಆ ಕಪ್ಪಿನೊಳಗೆ ನನ್ನ ಉಸಿರು, ಒಳಗೆ, ಹೊರಗೆ, ಮತ್ತೆ ಒಳಗೆ.

ಧಣಿಯ ಮುಖ ಮದುವೆ ಮನೆಯಾಯಿತು. “ಬದುಕಿದ್ದಾಳೆ! ನೋಡ್ರೋ, ಬದುಕಿದ್ದಾಳೆ ಹುಡುಗಿ!”

ಆಮೇಲೆ ತಿಳಿಯಿತು: ಆ ಸಿನಿಮಾದ ದುಃಖದ ಕೊನೆ ನೋಡಿ ಹಂಚಿಕೆದಾರರು ಮೂರು ವಾರಗಳಿಂದ ಅವನ ತಲೆ ತಿನ್ನುತ್ತಿದ್ದರಂತೆ. ಮೂಲ ಸಿನಿಮಾದವರ ಕರಾರಿನಂತೆ ಚಿತ್ರ ಕತ್ತರಿಸುವಂತಿಲ್ಲ, ಮಾತು ಸೇರಿಸುವಂತಿಲ್ಲ. ಆದರೆ ಕಪ್ಪು ಪರದೆಯ ಮೇಲೆ ಒಂದು ಉಸಿರು? ಅದನ್ನು ಪ್ರಶ್ನಿಸುವವರು ಯಾರು?

“ಸರ್, ಅದು ತಪ್ಪಾಗಿ ಬಂದಿದ್ದು.”

“ನಿಮ್ಮ ಜೀವನದಲ್ಲಿ ನೀವು ಮಾಡಿದ ಅತ್ಯುತ್ತಮ ತಪ್ಪು ಅಕ್ಕಾ! ಜನ ಮುಸುಮುಸು ಅತ್ಕೊಂಡು ಹೊರಗೆ ಬಂದ್ರೆ ಪಕ್ಕದ ಮನೆಯವರಿಗೆ ‘ನೀವೂ ಹೋಗಿ’ ಅಂತ ಹೇಳ್ತಾರಾ? ಈಗ ಹೇಳ್ತಾರೆ. ‘ಕೊನೇಲಿ ಕಿವಿಗೊಟ್ಟು ಕೇಳಿ’ ಅಂತ ಹೇಳ್ತಾರೆ.”

“ಅವಳು ಬದುಕಿದ್ರೆ ಅಷ್ಟೂ ನಾಟಕ ಆಯ್ತು ಸರ್. ಏನೋ ಒಳಒಪ್ಪಂದ ಇತ್ತು, ಗುಂಡು ಪೊಳ್ಳು, ಅವಳಿಗೆ ಮೊದಲೇ ಗೊತ್ತಿತ್ತು ಅಂತಾಗುತ್ತೆ. ಗೊತ್ತಿದ್ದೂ ಬಾಯಿಮುಚ್ಕೊಂಡು ನಿಲ್ಲೋದು ಯಾವ ದೊಡ್ಡಸ್ತಿಕೆ? ಅದನ್ನ ನಾನೂ ಮಾಡ್ತೀನಿ.”

ಧಣಿ ಒಳಗೆ ಬಂದು ನನ್ನ ಹೆಗಲು ತಟ್ಟಿದ. “ಅಕ್ಕಾ, ಈ ಸಿನಿಮಾಕ್ಕೆ ನೀವು ಬಾಯಿ. ತಲೆ ನಾನಿದ್ದೀನಿ.”

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ನನ್ನ ಗಂಡ ಬಸ್ ಡ್ರೈವರು. ದಿನವಿಡೀ ಯಾರನ್ನೂ ಸಾಯಿಸದೆ ಮನೆಗೆ ಬರುವುದೇ ತನ್ನ ಕಲೆ ಎನ್ನುವವನು. “ಬದುಕ್ಲಿ ಬಿಡೇ ಪಾಪ,” ಎಂದ, “ನಿನ್ನ ಗಂಟೇನು ಹೋಗುತ್ತೆ?”

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. ಎಪ್ಪತ್ತೆಂಟು ವರ್ಷ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. “ನೀನು ಸುಮ್ನಿರೋ, ಹಾರ್ನ್ ಒತ್ತೋನೇ. ಹೆಸರು ಕೇಳಿದ್ರು ಅಂದ್ಯಲ್ಲ, ಹೇಳ್ಲಿಲ್ವಾ?”

“ಹೇಳ್ಲಿಲ್ಲ ಅತ್ತೆ.”

“ಹೂಂ.” ನೀರು ಕುಡಿದರು. “ಮುಷ್ಕರದ ದಿನ ಯಾರು ಬೋರ್ಡಿನ ವಯರು ಕಿತ್ತಿದ್ದು ಅಂತ ನನ್ನನ್ನೂ ಕೂರಿಸಿ ಕೇಳಿದ್ರು. ನಾಲ್ಕು ಗಂಟೆ. ಹೇಳ್ಲಿಲ್ಲ, ಕೆಲಸ ಹೋಯ್ತು. ಇದು ನಿಂಗೆ ಗೊತ್ತು. ನಿನ್ನ ಮಾವ ಮದುವೆ ಮುಂಜಿಯಲ್ಲೆಲ್ಲ ಏನಂತ ಹೇಳ್ತಿದ್ರು ಗೊತ್ತಾ? ‘ಮೇಲಿನ ಸಾಹೇಬ್ರು ಆಮೇಲೆ ಇವಳನ್ನ ವಾಪಸ್ ಕರೆದ್ರು, ಇವಳೇ ಹೋಗ್ಲಿಲ್ಲ.’ ಯಾವ ಸಾಹೇಬ? ಒಂದು ನಾಯಿ ಕೂಡ ಕರೀಲಿಲ್ಲ!”

“ಅಮ್ಮಾ, ಅಪ್ಪ ಅದನ್ನ ಪ್ರೀತಿಯಿಂದ...”

“ಪ್ರೀತಿಯಿಂದಲೇ. ಅವರು ಹಾಗಂದಾಗಲೆಲ್ಲ ನಾನು ಕಳ್ಕೊಂಡಿದ್ದನ್ನ ನನ್ನ ಕೈಯಿಂದ ಕಿತ್ಕೊಂಡ ಹಾಗಾಗ್ತಿತ್ತು. ನಂದು ಅಂತ ಇದ್ದಿದ್ದೇ ಅದೊಂದು.” ಅನ್ನ ಕಲಸುತ್ತ ನನ್ನ ಕಡೆ ತಿರುಗಿದರು. “ನಿನ್ನ ಉಸಿರು ತಾನೇ ಅದು? ಹಾಗಿದ್ರೆ ನೀನೇ ಹೋಗಿ ತಗೊಂಡು ಬಾ.”

ಗುರುವಾರ ಬಾವಲಿಯ ಫೋನು ಬಂತು. ಮೂಲ ಸಿನಿಮಾದವರು ಹದಿನೇಳು ಮಾತುಗಳನ್ನು ವಾಪಸ್ ಕಳಿಸಿದ್ದರು. ಅಧಿಕಾರಿಯ ಹುದ್ದೆ ತಪ್ಪಾಗಿ ಅನುವಾದವಾಗಿತ್ತು. ಇಸ್ತ್ರಿಯವಳು ಅವನನ್ನು ‘ಮೇಜರ್’ ಎಂದ ಕಡೆಯಲ್ಲೆಲ್ಲ ‘ಕರ್ನಲ್’ ಎನ್ನಬೇಕಿತ್ತು. ಅಂದು ಸಂಜೆ ಐದಕ್ಕೆ ಸಿನಿಮಾ ಒಪ್ಪಿಸಲೇಬೇಕು. ಮರುದಿನ ಬಿಡುಗಡೆ.

ಹೋದೆ. ಗಡಿಯಾರ ಬಿಚ್ಚಿಟ್ಟೆ. ಕೋಣೆಯೊಳಗೆ ಹೋಗದೆ ಬಾಗಿಲಲ್ಲೇ ನಿಂತೆ.

“ಮೊದಲು ಆ ನಾಲ್ಕು ಸೆಕೆಂಡು ತೆಗೀಲಿ. ಆಮೇಲೆ ಹದಿನೇಳೂ ಹೇಳ್ತೀನಿ.”

ಧಣಿ ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. “ಏನ್ರೀ ಇದು, ಸೊಸೆ ಪಾರ್ಟು ಮಾಡಿ ಮಾಡಿ ಮುನಿಸಿಕೊಳ್ಳೋದು ರೂಢಿಯಾಗಿಬಿಟ್ಟಿದೆಯಾ? ನಿಮ್ಮ ಥರದವರು ಬೀದಿಗೆ ಹತ್ತು ಜನ ಸಿಕ್ತಾರೆ.”

“ಕರೆಸಿ ಸರ್. ಆದ್ರೆ ಹದಿನೇಳು ಮಾತಿಗೆ ಒಂದು ಗಂಟಲು, ಉಳಿದಿದ್ದಕ್ಕೆ ಇನ್ನೊಂದು ಗಂಟಲು ಅಂದ್ರೆ ಚಿಕ್ಕ ಮಕ್ಕಳೂ ನಗ್ತವೆ. ಇಡೀ ಸಿನಿಮಾ ಹೊಸದಾಗಿ ಮಾಡಿಸಬೇಕು. ಆಗ ನನ್ನ ಮಾತೂ ಹೋಗುತ್ತೆ, ನನ್ನ ಉಸಿರೂ ಹೋಗುತ್ತೆ. ನನಗೆ ಒಪ್ಪಿಗೆ.”

“ಎಂಟು ದಿನದ ಕೆಲಸ ನೀರಿಗೆ ಹೋಗುತ್ತೆ ಕಣ್ರೀ!”

“ನಂದೇ ತಾನೇ. ಹೋಗ್ಲಿ.”

ಅವನು ಬಾವಲಿಯ ಕಡೆ ತಿರುಗಿದ. “ಹೇಳೋ ಇವರಿಗೆ ಬುದ್ಧಿ!”

ಬಾವಲಿ ಕಂಪ್ಯೂಟರಿನ ತೆರೆಯಿಂದ ಕಣ್ಣು ತೆಗೆಯದೆ, “ಎರಡೂಕಾಲು ಆಯ್ತು ಸರ್” ಎಂದ.

ಧಣಿ ಹತ್ತಿರ ಬಂದ. ಈಗ ದನಿ ಎತ್ತಲಿಲ್ಲ; ಕೂಗುವ ಧಣಿಗಿಂತ ಮೆಲ್ಲಗೆ ಮಾತಾಡುವ ಧಣಿ ಕೆಟ್ಟವನು. “ಹನ್ನೊಂದು ವರ್ಷದಿಂದ ನಡೀತಿರೋ ಧಾರಾವಾಹಿ ಇದೆಯಲ್ಲ, ದೊಡ್ಡ ಸೊಸೆ. ಆ ದನಿ ಸೋಮವಾರದಿಂದ ಬದಲಾಗುತ್ತೆ. ಈ ಬಾಗಿಲು ದಾಟಿ ಮತ್ತೆ ಒಳಗೆ ಬರೋ ಹಾಗಿಲ್ಲ. ಯೋಚನೆ ಮಾಡಿ. ಯಾವಳೋ ಒಬ್ಬಳು, ಯಾವ ದೇಶದವಳೋ, ಹುಟ್ಟೇ ಇಲ್ಲದವಳು. ಅವಳಿಗೋಸ್ಕರ?”

ದೊಡ್ಡ ಸೊಸೆ ನನ್ನ ಮನೆಯವಳೇ ಆಗಿದ್ದಳು. ಅವಳು ಬಸುರಿಯಾದಾಗ ಅಂಗಡಿಯವರು ನನಗೆ ಎಚ್ಚರಿಕೆಯಿಂದ ನಡೆಯಲು ಹೇಳಿದ್ದರು. ಅವಳನ್ನು ಬಿಡುವುದು ನನಗೆ ಕಷ್ಟವೆಂದು ಧಣಿಗೆ ಗೊತ್ತಿತ್ತು, ಕಾದ.

ಇರಲಿ ಬಿಡಿ ಎಂದುಬಿಡಬಹುದಿತ್ತು. ಕಪ್ಪು ಪರದೆಯ ಮೇಲೆ ಎರಡು ಸಲ ಏರಿಳಿಯುವ ಗಾಳಿ, ಅದಕ್ಕಿಂತ ಹೆಚ್ಚೇನಿಲ್ಲ. ಆದರೆ ಆ ಗಾಳಿ ನನ್ನದು. ಅವಳು ಒಂದು ನಿಮಿಷ ನಲವತ್ತು ಸೆಕೆಂಡು ಕಾಪಾಡಿದ್ದನ್ನು ಅಳಿಸುವುದಕ್ಕೆ ಇವರು ನನ್ನದೇ ಎದೆಯನ್ನು ಬಳಸುತ್ತಿದ್ದರು.

“ಹೂಂ ಸರ್, ಅವಳಿಗೋಸ್ಕರ. ಸೋಮವಾರದಿಂದ ದನಿ ಬದಲಾಯಿಸಿ. ಇವತ್ತು ಅದನ್ನ ತೆಗೆಸಿ.”

ಧಣಿ ಬೈದ. ನನ್ನನ್ನು, ಹಂಚಿಕೆದಾರರನ್ನು, ಸಿನಿಮಾ ಎಂಬುದನ್ನು ಕಂಡುಹಿಡಿದವನನ್ನು. ಕುರ್ಚಿ ಒದ್ದ. ಕೊನೆಗೆ ಬಾವಲಿಯ ಮುಂದೆ ಕೈಬೀಸಿದ. “ತೆಗೆದು ಸಾಯಿ!”

ಬಾವಲಿ ತೆರೆಯನ್ನು ನನ್ನ ಕಡೆ ತಿರುಗಿಸಿದ. ನಾಲ್ಕು ಸೆಕೆಂಡಿನ ಉಸಿರು ಎರಡು ಸಣ್ಣ ಗುಡ್ಡಗಳಂತೆ ಕಾಣುತ್ತಿತ್ತು. ಬೆರಳು ಒತ್ತಿದ. ಗೆರೆ ನೆಟ್ಟಗಾಯಿತು.

ಒಳಗೆ ಹೋಗಿ ಹದಿನೇಳು ಸಲ ಕರ್ನಲ್ ಎಂದೆ. ಒಂದಕ್ಕೂ ಎರಡನೇ ಟೇಕ್ ಬೇಕಾಗಲಿಲ್ಲ. ಹೊರಡುವಾಗ ಬಾವಲಿ ಎದ್ದು ನಿಂತ. ಹನ್ನೆರಡು ವರ್ಷದಲ್ಲಿ ಅವನು ಎದ್ದು ನಿಂತದ್ದನ್ನು ನಾನು ನೋಡಿರಲೇ ಇಲ್ಲ. ಇಷ್ಟು ಎತ್ತರದವನು ಎಂದು ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಅತ್ತೆ ಮತ್ತು ನಾನು ಹೋದೆವು. ಚಿತ್ರಮಂದಿರ ಅರ್ಧ ತುಂಬಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ, ಜೊತೆಗೆ ಹೆಂಡತಿ. ಮೊದಲರ್ಧವೆಲ್ಲ ಅವನು ಹೆಂಡತಿಗೆ ಮುಂದೇನಾಗುತ್ತದೆ ಎಂದು ಹೇಳುತ್ತಲೇ ಇದ್ದ, ಹೇಳಿದ್ದೆಲ್ಲ ತಪ್ಪಾಗುತ್ತಲೇ ಇತ್ತು.

ಹೊದಿಕೆಗಳು ಗಾಳಿಗೆ ಅಲುಗಿದವು. ಅಧಿಕಾರಿ ಹೆಸರು ಕೇಳಿದ. ಅತ್ತೆ ನನ್ನ ಮೊಣಕೈ ಹಿಡಿದರು. ಗುಂಡು. ಕಪ್ಪು.

ನಿಶ್ಶಬ್ದ. ನಾನು ಈವರೆಗೆ ಎಲ್ಲೂ ಕೇಳಿರದಂಥದ್ದು. ನೂರಾರು ಜನ ಇದ್ದೂ ಒಂದು ಕೆಮ್ಮಿಲ್ಲ.

“ತಡಿ, ಎದ್ದೇಳ್ತಾಳೆ” ಎಂದ ಮುಂದಿನವನು. ಹೆಸರುಗಳು ಮೇಲಕ್ಕೆ ಹರಿಯತೊಡಗಿದವು. “ಅಷ್ಟೇನಾ? ಏನ್ರೀ ಇದು, ಅಷ್ಟೇನಾ?”

“ಅಷ್ಟೇ” ಎಂದಳು ಹೆಂಡತಿ. ಅವಳು ಅಳುತ್ತಿದ್ದಳು.

“ಮೋಸ! ಶುದ್ಧ ಮೋಸ!” ಅವನು ಎದ್ದ, ಮತ್ತೆ ಕೂತ. ದೀಪ ಹತ್ತಿತು. ಜನ ತಲೆ ತಗ್ಗಿಸಿಕೊಂಡು ಹೊರಟರು. ಕಸ ಗುಡಿಸುವವಳು ಒಳಗೆ ಬಂದಳು. ಅವನು ಮಾತ್ರ ಖಾಲಿ ಪರದೆಯನ್ನು ದುರುಗುಟ್ಟಿಕೊಂಡು ಕೂತೇ ಇದ್ದ. ಕಿವಿ ಕೆಂಪಾಗಿತ್ತು.

“ಒಂದು ಹೆಸರು,” ಎಂದ ಅವನು, ಯಾರಿಗೆಂದಿಲ್ಲದೆ. “ಒಂದೇ ಒಂದು ಹೆಸರು ಹೇಳಿದ್ರೆ ಸಾಕಿತ್ತು. ಹೇಳ್ಬಹುದಿತ್ತಲ್ಲ!”

“ಹೇಳ್ಬಹುದಿತ್ತು” ಎಂದೆ ನಾನು.

ಅವನು ಗಕ್ಕನೆ ಹಿಂದೆ ತಿರುಗಿದ. ಆ ದನಿ ಅವನಿಗೆ ಗೊತ್ತಿತ್ತು. ಎರಡು ಗಂಟೆ ಅದನ್ನೇ ಕೇಳಿದ್ದ, ಈಗಷ್ಟೇ ಅದು ಸತ್ತಿತ್ತು. ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದ, ಪರದೆ ನೋಡಿದ, ಮತ್ತೆ ನನ್ನನ್ನು ನೋಡಿದ.

“ಹೇಳ್ಲಿಲ್ಲ” ಎಂದೆ.