ಸುಂದ್ರಮ್ಮನಿಗೆ ಕಟ್ಟಿದ ಜಗಲಿ

ಹಳೆಯ ಮೆಟ್ಟಿಲುಬಾವಿಗೆ ಮೊದಲ ಗಾಡಿ ಕಲ್ಲು ಸುರಿದ ದಿನ ಊರಿನಲ್ಲಿ ಅತ್ತವಳು ಸುಂದ್ರಮ್ಮ ಒಬ್ಬಳೇ. ಅದೂ ಯಾರ ಕಣ್ಣಿಗೂ ಬೀಳಲಿಲ್ಲ. ಆ ಹೊತ್ತಿನಲ್ಲಿ ಊರಿಗೆ ಊರೇ ಹೊಸ ಬಾವಿಯ ಸುತ್ತ ನಿಂತು ಕೊಬ್ಬರಿ ಸಕ್ಕರೆ ಹಂಚಿಕೊಳ್ಳುತ್ತಿತ್ತು.

ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವ ಮುಂಚೆ ಸಿಗುವ ಊರು ಅದು. ಹಿಂದಿನ ಬೇಸಗೆಯಲ್ಲಿ ವಾಂತಿಭೇದಿ ಬಂದು ಬೀದಿಬೀದಿಯಲ್ಲೂ ಹೆಣ ಎತ್ತಿಸಿತ್ತು. ಆಗತಾನೇ ಊರೂರಿಗೆ ಸರ್ಕಾರದ ಅಭಿವೃದ್ಧಿ ಬ್ಲಾಕಿನವರು ಬರತೊಡಗಿದ್ದ ಕಾಲ. ಅವರ ಜೊತೆ ಬಂದ ಡಾಕ್ಟರು, ಜನ ಮೆಟ್ಟಿಲಿಳಿದು ಕಾಲು ನೆನೆಸಿದ ನೀರನ್ನೇ ಬಿಂದಿಗೆಗೆ ತುಂಬುವುದನ್ನು ಕಂಡು ಹಣೆ ಚಚ್ಚಿಕೊಂಡರು. ಆ ಬಾವಿ ಮುಚ್ಚಿ, ಸೇದುವ ಬಾವಿ ತೋಡಿ ಅಂದರು. ಊರವರೇ ಗುದ್ದಲಿ ಹಿಡಿದು ತೋಡಿದರು. ದುಂಡನೆಯ ಬಾವಿ, ಮಕ್ಕಳು ಮರಿ ಬಗ್ಗಿ ಬೀಳದ ಹಾಗೆ ಎದೆಮಟ್ಟದ ಕಟ್ಟೆ, ಒಂದು ಕಡೆ ಕಲ್ಲುಕಂಬ ನೆಟ್ಟು ಕಬ್ಬಿಣದ ರಾಟೆ. ಅದರಲ್ಲಿ ತಪ್ಪು ಹುಡುಕುವುದಕ್ಕೆ ಯಾರಿಗೂ ಬರುವಂತಿರಲಿಲ್ಲ. ಸುಂದ್ರಮ್ಮನಿಗೂ ಬರಲಿಲ್ಲ. ಅವಳ ತಾಯಿಯನ್ನು ಹೊತ್ತುಕೊಂಡು ಹೋದದ್ದೂ ಅದೇ ವಾಂತಿಭೇದಿಯೇ.

ಆದರೆ ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ. ಮಾತು ಕಲಿಯುವ ವಯಸ್ಸಿನಲ್ಲಿ ಬಂದ ಜ್ವರ ಸೊಂಟದಿಂದ ಕೆಳಗಿನ ಬಲವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಎರಡು ಕೈಗೂ ಹಳೇ ಚಪ್ಪಲಿ ತೊಡಿಸಿಕೊಂಡು, ಕೂತಲ್ಲೇ ಮೈ ಎತ್ತಿ ಎತ್ತಿ ಇಟ್ಟು ಅವಳು ಊರೆಲ್ಲ ತಿರುಗುತ್ತಿದ್ದಳು. ಮೆಟ್ಟಿಲುಬಾವಿ ಅವಳಿಗೆ ಒಗ್ಗಿದ ಜಾಗ. ಒಂದೊಂದೇ ಮೆಟ್ಟಿಲಿಗೆ ಕೂತು ಇಳಿದರೆ ನೀರು ತಾನಾಗಿ ಕೈಗೆ ಬರುತ್ತಿತ್ತು. ತುಂಬಿದ ಸಣ್ಣ ಬಿಂದಿಗೆಯನ್ನು ಒಂದು ಮೆಟ್ಟಿಲು ಮೇಲಿಡುವುದು, ಹಿಂದೆ ತಾನು ಏರುವುದು. ಮನೆಯ ತನಕವೂ ಹಾಗೆಯೇ, ಬಿಂದಿಗೆ ಒಂದು ಮೊಳ ಮುಂದೆ, ಅವಳು ಒಂದು ಮೊಳ ಹಿಂದೆ. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ ಹುಣಸೂರಿನ ಸಂತೆಗೆ ಕಳಿಸಿ ಹೊಟ್ಟೆ ಹೊರೆಯುತ್ತಿದ್ದಳು. ಯಾರ ಮುಂದೆಯೂ ಕೈಚಾಚಿದವಳಲ್ಲ.

ಹೊಸ ಬಾವಿಯ ಕಟ್ಟೆ ಅವಳ ತಲೆಗಿಂತ ಎತ್ತರ. ಅದರ ಬುಡದಲ್ಲಿ ಖಾಲಿ ಬಿಂದಿಗೆ ಇಟ್ಟುಕೊಂಡು ಬಂದವರ ಮುಖ ನೋಡುವುದೇ ಅವಳ ಕೆಲಸವಾಯಿತು. ಮೊದಮೊದಲು ಹೆಂಗಸರು ನಾ ಮುಂದು ತಾ ಮುಂದು ಎಂದು ಸೇದಿ ಹಾಕಿದರು. ಆಮೇಲೆ, ಇರವ್ವ ನಮ್ಮದಾಗಲಿ ಅಂದರು. ಅದೂ ಕಳೆದು, ಕಂಡರೂ ಕಾಣದವರ ಹಾಗೆ ಹೋಗುವವರಾದರು. ಕೆಟ್ಟವರೇನಲ್ಲ. ಗದ್ದೆ, ದನ, ಮಕ್ಕಳು, ಎಲ್ಲರಿಗೂ ಅವರವರದ್ದೇ ಇತ್ತು.

ಕುಡಿಯುವ ನೀರಿನ ಮಾತು ಹಾಗಿರಲಿ, ಪೂಜೆಯ ನೀರಿನದ್ದೇ ದೊಡ್ಡ ಪಾಡು. ಲಿಂಗಪೂಜೆಯಾಗದೆ ಸುಂದ್ರಮ್ಮ ಒಂದು ತೊಟ್ಟನ್ನೂ ಬಾಯಿಗೆ ಬಿಡುತ್ತಿರಲಿಲ್ಲ. ಅದಕ್ಕೆ ಬೇಕಾದ ಅಗ್ಗಣಿಯನ್ನು, ಆಗಷ್ಟೇ ಸೇದಿದ ಮಡಿನೀರನ್ನು, ಲಿಂಗ ಕಟ್ಟಿದವರೇ ತರಬೇಕು. ಎದುರು ಮನೆಯ ಪುಟ್ಟಮಲ್ಲಮ್ಮ ತರುತ್ತಿದ್ದಳು. ಆದರೆ ಅವಳ ಮನೆಗೆಲಸ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಅಲ್ಲಿಯ ತನಕ ಸುಂದ್ರಮ್ಮ ಬರಿಹೊಟ್ಟೆಯಲ್ಲಿ ಎಲೆ ಹಚ್ಚುತ್ತಿದ್ದಳು. ಎಲೆಗೆ ಚಿಮುಕಿಸಲೂ ನೀರಿಲ್ಲದೆ ಅವು ಒಣಗಿ ಪುಡಿಯಾಗುತ್ತಿದ್ದವು.

ಊರ ಯಜಮಾನ ಗುರುಮಲ್ಲಪ್ಪನವರು ಒಂದು ದಿನ ಬಂದು ಬಾಗಿಲಲ್ಲಿ ಕೂತರು.

"ನೋಡವ್ವಾ, ಬೇಜಾರು ಮಾಡ್ಕಬ್ಯಾಡ. ಪಿರಿಯಾಪಟ್ಣಕ್ಕೆ ನಿಮ್ಮಣ್ಣಂಗೆ ಯೋಳಿ ಕಳುಸ್ತೀನಿ. ಗಾಡಿ ಕಟ್ಕೊಂಡು ಬಂದು ಕರ್ಕೊಂಡೋಗ್ಲಿ. ದಿನಾ ಈ ಪಾಡು ಪಡಾಕಾದದಾ?"

ಅಣ್ಣ ನಂಜಣ್ಣನ ಮನೆಯಲ್ಲಿ ಅವಳು ಒಂದು ಮಳೆಗಾಲ ಇದ್ದು ಬಂದಿದ್ದಳು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಉಣ್ಣುವುದಕ್ಕೆ ಕಡಿಮೆ ಮಾಡಿದವಳಲ್ಲ. ಆದರೆ ಆ ಮನೆಯ ಹೊಸಿಲು ಮೊಣಕಾಲುದ್ದ. ಹೊಸಿಲ ಮೇಲೆ ಕೂರಬಾರದು, ಕೂರದೆ ಅವಳು ದಾಟಲಾರಳು. ಹೊರಗೆ ಹೋಗಬೇಕಾದರೆ ಯಾರಾದರೂ ಎತ್ತಬೇಕು. ಎಲ್ಲರೂ ಹೊಲಕ್ಕೆ ಹೋದರೆ ಸಂಜೆಯ ತನಕ ಹೊಟ್ಟೆ ಹಿಡಿದುಕೊಂಡು ಕೂರಬೇಕು. ಒಂದು ದಿನ ಹಿಡಿಯಲಾಗಲಿಲ್ಲ. ಅತ್ತಿಗೆ ಏನೂ ಅನ್ನದೆ ಸೀರೆ ಒಗೆದು ಹಾಕಿದ್ದಳು. ಆ ಅನ್ನದಿದ್ದದ್ದು ಸುಂದ್ರಮ್ಮನಿಗೆ ಇನ್ನೂ ಕಿವಿಯಲ್ಲಿತ್ತು.

"ಬ್ಯಾಡಿ ಯಜಮಾನ್ರೆ," ಅಂದಳು. "ನನ್ ಕೈ ಗಟ್ಟಿಯಾಗವೆ. ಆ ಹಗ್ಗ ನನ್ ಕೈಗೆ ಸಿಕ್ಕೋ ಅಂಗೆ ಒಂದು ದಾರಿ ಮಾಡ್ಕೊಡಿ ಸಾಕು. ಆಮ್ಯಾಕೆ ನಾನು ಯಾರ ಮನೆ ಬಾಗ್ಲಿಗೂ ಬರಾಕಿಲ್ಲ."

ಪುಟ್ಟಮಲ್ಲಮ್ಮನೂ ಬಂದು ಅವಳ ಪರ ನಿಂತು ಮಾತಾಡಿದಳು. ಯಜಮಾನರು ಒಪ್ಪಿದರು. ಬಾವಿಗೆ ಕಟ್ಟೆ ಕಟ್ಟಿದ ಕಲ್ಲುಕೆಲಸದ ಸಣ್ಣಬೀರಯ್ಯನೇ ಬಂದ. ಸುಂದ್ರಮ್ಮನನ್ನು ಕಲ್ಲಿನ ಮೇಲೆ ಕೂರಿಸಿ, ಕೈ ಎಲ್ಲಿಗೆ ಎಟಕುತ್ತದೆ, ಮೈ ಎಷ್ಟು ಎತ್ತಲಾಗುತ್ತದೆ ಎಂದು ಕೋಲಿನಲ್ಲಿ ಅಳೆದ. ಗೇಣೆತ್ತರದ ಅಗಲವಾದ ಮೆಟ್ಟಿಲುಗಳು, ಅವುಗಳ ತುದಿಯಲ್ಲಿ ರಾಟೆಯ ಪಕ್ಕಕ್ಕೇ ಒಂದು ಕಲ್ಲಿನ ಜಗಲಿ. ಕೂತರೆ ಬಾವಿಯ ಕಟ್ಟೆ ಸೊಂಟಕ್ಕೆ ಬರುತ್ತಿತ್ತು, ಮುಗ್ಗರಿಸುವ ಭಯವಿಲ್ಲ, ಹಗ್ಗ ನೇರ ಕೈಗೆ.

"ಮೈಸೂರಲ್ಲಿ ಮಾರಾಜರ್‍ಗೈತೆ, ಇಲ್ಲಿ ನಿಂಗೈತೆ ಕಣಕ್ಕಯ್ಯ ಸಿಂಹಾಸನ," ಎಂದು ಅವನು ನಗಾಡಿದ. "ದಸರಾಕ್ಕೆ ನಾವೆಲ್ಲ ಕಾಣ್ಕೆ ತಂದು ಅಡ್ಡಬೀಳ್ತೀವಿ ಬುಡು."

ಮೊದಲ ಕೊಡ ಮೇಲೆ ಬಂದಾಗ ಸುಂದ್ರಮ್ಮ ತಾನೇ ಅದನ್ನು ಬಿಂದಿಗೆಗೆ ಬಗ್ಗಿಸಿಕೊಂಡಳು. ಅವತ್ತು ಸೂರ್ಯ ಹುಟ್ಟುವ ಹೊತ್ತಿಗೇ ಪೂಜೆ ಮುಗಿಸಿ ಬಿಸಿ ರಾಗಿ ಅಂಬಲಿ ಕುಡಿದಳು. ಅಲ್ಲಿಂದ ಮುಂದೆ ದಿನವೂ ಹಾಗೆಯೇ. ಯಾವತ್ತಾದರೂ ಮೈ ಹುಷಾರಿಲ್ಲದ ಮುದುಕಿಯರು ಬಂದರೆ ಅವರ ಕೊಡವನ್ನೂ ಸೇದಿ ಹಾಕುತ್ತಿದ್ದಳು. ಪಿರಿಯಾಪಟ್ಟಣದ ಮಾತು ಯಾರೂ ಎತ್ತಲಿಲ್ಲ.

ಕಾರ್ತಿಕ ಕಳೆಯುವ ಹೊತ್ತಿಗೆ ಪುಟ್ಟಮಲ್ಲಮ್ಮನ ಮಗಳು ಮಂಗಳಮ್ಮ ತವರಿನಲ್ಲಿ ಗಂಡುಮಗು ಹೆತ್ತಳು. ಬಾಣಂತಿ ಗಂಗೆಪೂಜೆ ಮಾಡುವ ದಿನ ಬಂತು. ಊಟಕ್ಕೆ ಬೇಕಾದ ಎಲೆಯನ್ನೆಲ್ಲ ತಾನೇ ಹಚ್ಚಿ ಕೊಡುತ್ತೇನೆಂದು ಸುಂದ್ರಮ್ಮ ಅವತ್ತು ಮನೆಯಲ್ಲೇ ಕೂತಿದ್ದಳು. ಬಾವಿಯ ಕಡೆಯಿಂದ ಹೆಂಗಸರ ಸೋಬಾನೆ ಕೇಳಿಸುತ್ತಿತ್ತು. ಕೇಳುತ್ತ ಕೇಳುತ್ತ ಕಡ್ಡಿ ಚುಚ್ಚುತ್ತಿದ್ದಳು, ಖುಷಿಯಾಗಿಯೇ.

ಮಾರನೆಯ ಬೆಳಿಗ್ಗೆ ಬಿಂದಿಗೆ ಹಿಡಿದು ಹೋದವಳು ಮೊದಲ ಮೆಟ್ಟಿಲಿನಲ್ಲೇ ಕೂತುಬಿಟ್ಟಳು.

ಜಗಲಿಯ ಮೇಲೆ ಐದು ಕಲ್ಲು ಸಾಲಾಗಿ ಕೂತಿದ್ದವು. ಅರಿಸಿನ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿತ್ತು. ಯಾರೋ ಆಗಲೇ ದೀಪವನ್ನೂ ಹಚ್ಚಿ ಹೋಗಿದ್ದರು. ಗಂಗಮ್ಮ ಬಂದು ಕೂತಿದ್ದಳು. ಇನ್ನು ಅಲ್ಲಿ ಮನುಷ್ಯರು ಕೂರುವುದು ಹೇಗೆ?

ಸುಂದ್ರಮ್ಮ ಕೇಳಿದಾಗ ಪುಟ್ಟಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ನನ್ನವ್ವ, ಒಳೀಲೇ ಇಲ್ವಲ್ಲ. ಮೂಡ್ಲು ಮುಖ ಇತ್ತು, ಚೊಕ್ಕಾಗಿತ್ತು, ಅಲ್ಲೇ ಮಡುಗುದ್ವಿ." ಆಮೇಲೆ ದನಿ ತಗ್ಗಿಸಿದಳು. "ತಗೀ ಅನ್ಬ್ಯಾಡ ಕಣೆ. ಬಾಣಂತಿ ಕೈ ಮುಗ್ದವ್ಳೆ. ಕೂಸಿನ್ನೂ ಎಳೇದು."

ಸುಂದ್ರಮ್ಮ ತೆಗೆ ಅನ್ನಲಿಲ್ಲ. ಅವಳಿಗೂ ಕೈಮುಗಿಯಬೇಕು ಅನ್ನಿಸಿತ್ತು.

ಯಜಮಾನರು, ಸುಗ್ಗಿ ಆಗಲಿ ಬೇರೆ ಜಗಲಿ ಕಟ್ಟಿಸೋಣ ಅಂದರು. ರಾಟೆ ಇದ್ದದ್ದು ಆ ಒಂದೇ ಕಡೆ. ಕಂಬ ಕಿತ್ತು ನೆಡಬೇಕು. ಸಣ್ಣಬೀರಯ್ಯ ಕೊಡಗಿನ ಎಸ್ಟೇಟಿಗೆ ಕೆಲಸಕ್ಕೆ ಹೋಗಿದ್ದ, ಬರುವುದು ಯುಗಾದಿಗೆ. ಅಷ್ಟರಲ್ಲಿ ಹಬ್ಬಕ್ಕೆ, ಹುಣ್ಣಿಮೆಗೆ, ಹರಕೆಗೆ ಎಂದು ಜಗಲಿಯ ಮೇಲೆ ಅರಿಸಿನದ ಪದರ ದಪ್ಪವಾಗುತ್ತ ಹೋಯಿತು. ಸುಂದ್ರಮ್ಮ ಮತ್ತೆ ಕಟ್ಟೆಯ ಬುಡಕ್ಕೆ ಬಂದಳು. ಈ ಸಲ ಸೇದಿ ಹಾಕುವವರ ಕೈ ಇನ್ನೂ ಬೇಗ ಸೋತಿತು. ಕಟ್ಟಿಸಿಕೊಟ್ಟದ್ದಾಯಿತಲ್ಲ, ಇನ್ನೇನು ಎಂಬಂತಿತ್ತು ಅವರ ಮುಖ.

ಒಂದು ದಿನ ಪುಟ್ಟಮಲ್ಲಮ್ಮನ ಮೊಮ್ಮಗುವಿಗೆ ಮೈ ಕಾವೇರಿತು. ಆ ಗಾಬರಿಯಲ್ಲಿ ಅಗ್ಗಣಿಯ ನೆನಪು ಯಾರಿಗೂ ಆಗಲಿಲ್ಲ. ಮಗು ಮಲಗಿರುವಾಗ ನೀರು ಕೇಳಲು ಸುಂದ್ರಮ್ಮನಿಗೆ ಬಾಯಿ ಬರಲಿಲ್ಲ. ಮಧ್ಯಾಹ್ನವಾಯಿತು, ಹೊತ್ತು ವಾಲಿತು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಅವಳು ತಂಬಿಗೆ ಹಿಡಿದು ಹಳೆಯ ಬಾವಿಗೆ ತೆವಳಿದಳು. ಅರ್ಧ ಮುಚ್ಚಿದ್ದ ಬಾವಿ. ಉಳಿದ ಮೆಟ್ಟಿಲುಗಳನ್ನು ಇಳಿದು, ಕಲ್ಲುಗಳ ಸಂದಿಯಲ್ಲಿ ಕೈ ತೂರಿಸಿ ಹಸಿರುಗಟ್ಟಿದ ನೀರು ತುಂಬಿದಳು. ಮೂಗಿನ ಹತ್ತಿರ ತಂದಾಗ ತಾಯಿ ಕಡೆಯ ದಿನ ಕುಡಿದು ಕುಡಿದು ಕಾರಿಕೊಂಡದ್ದು ಕಣ್ಣಿಗೆ ಕಟ್ಟಿತು. ಚೆಲ್ಲಿದಳು. ಮತ್ತೆ ತುಂಬಿದಳು. ಮತ್ತೆ ಚೆಲ್ಲಿದಳು. ಅಲ್ಲೇ ಕಲ್ಲಿನ ಮೇಲೆ ತಲೆಯಿಟ್ಟು ಎಷ್ಟೋ ಹೊತ್ತು ಬಿದ್ದುಕೊಂಡಿದ್ದಳು.

ದನ ಕಾಯುವವರು ಕಂಡು ಯಜಮಾನರಿಗೆ ಹೇಳಿದರು. ಗುರುಮಲ್ಲಪ್ಪನವರು ಗಾಬರಿಯಿಂದ ಓಡಿಬಂದು ಅವಳನ್ನು ಮನೆ ಸೇರಿಸಿ, ತಾವೇ ಅಗ್ಗಣಿ ತಂದುಕೊಟ್ಟರು. ಹೋಗುವಾಗ, ಬಾವಿಯೊಳಗೆ ಬಿದ್ದು ಸತ್ತರೆ ಊರಿಗೇ ಕೆಟ್ಟ ಹೆಸರು, ನಂಜಣ್ಣನಿಗೆ ಆಳು ಕಳಿಸಿದ್ದೇನೆ, ನಾಳೆ ಗಾಡಿ ಬರುತ್ತದೆ ಎಂದು ಹೇಳಿ ಹೋದರು. ಅವರ ಕಣ್ಣಲ್ಲೂ ನೀರಿತ್ತು.

ಬೆಳಿಗ್ಗೆ ಬಾವಿಯ ಹತ್ತಿರ ಹೆಂಗಸರು ತುಂಬಿದ್ದ ಹೊತ್ತಿಗೇ ಸುಂದ್ರಮ್ಮ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕೈಯ ಚಪ್ಪಲಿ ಕಳಚಿಟ್ಟು ಮೆಟ್ಟಿಲು ಏರತೊಡಗಿದಳು. ಬಿಂದಿಗೆ ಒಂದು ಮೆಟ್ಟಿಲು, ತಾನು ಒಂದು ಮೆಟ್ಟಿಲು. ಜಗಲಿಯ ಹತ್ತಿರ ಬಂದು ಕಲ್ಲುಗಳಿಗೆ ಹಣೆ ಮುಟ್ಟಿಸಿದಳು. ಆಮೇಲೆ ಒಂದೊಂದನ್ನೇ ಎತ್ತಿ, ಹೂವು ಜಾರದ ಹಾಗೆ, ತನ್ನ ಮಡಿಲಿಗೆ ಹಾಕಿಕೊಂಡು ಸೆರಗು ಬಿಗಿದಳು. ಜಗಲಿಯ ಮೇಲೆ ಕೂತಳು.

ಹಗ್ಗ ಹಿಡಿದಿದ್ದವಳು ಕೈ ಬಿಟ್ಟಳು. ರಾಟೆ ತಿರುಗಿ ಕೊಡ ಕೆಳಗೆ ಹೋಗಿ ನೀರಿಗೆ ಬಡಿಯಿತು. ಹೆಂಗಸರ ಗುಂಪು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಯಾರೋ ಓಡಿಹೋಗಿ ಪುಟ್ಟಮಲ್ಲಮ್ಮನನ್ನು ಕರೆದುತಂದರು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು, ಕಂಕುಳಲ್ಲಿ ಮೊಮ್ಮಗು.

"ಸುಂದ್ರಾ, ಮಡುಗೇ," ಅಂದಳು. "ನಿನ್ ಕಾಲಿಗೆ ಬೀಳ್ತೀನಿ, ಅವ್ವನ್ನ ಮಡುಗು ಅಲ್ಲೇ. ನನ್ ಕೂಸು ನೋಡೇ."

"ಕೆಳಕ್ ಹಾಕಿಲ್ಲ ಕಣಕ್ಕ," ಅಂದಳು ಸುಂದ್ರಮ್ಮ. "ಮಡ್ಲಾಗೆ ಮಡಿಕ್ಕೊಂಡಿವ್ನಿ. ನಿನ್ ಕೂಸಿಗೆ ಬರೋದು ಏನಿದ್ರೂ ನಂಗೇ ಬರ್ಲಿ ಅಂತ ಕೇಳ್ಕೊಂಡಿವ್ನಿ."

ಪುಟ್ಟಮಲ್ಲಮ್ಮ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಸಿದುಕೊಳ್ಳಲು ಯಾರೂ ಮೆಟ್ಟಿಲು ಹತ್ತಲಿಲ್ಲ. ದೇವರು ಮಡಿಲಿನಲ್ಲಿರುವಾಗ ಅವಳನ್ನು ಮುಟ್ಟುವುದು ಹೇಗೆಂದು ಯಾರಿಗೂ ತಿಳಿಯದು. ಸುಂದ್ರಮ್ಮ ಹಗ್ಗ ಎಳೆದಳು. ಕೊಡ ಮೇಲೆ ಬಂತು. ನೀರನ್ನು ಬಿಂದಿಗೆಗೆ ಬಗ್ಗಿಸಿಕೊಂಡಳು.

ಈಗ ಇಳಿಯಬೇಕು. ಇಳಿಯಲು ಎರಡು ಕೈಯೂ ನೆಲಕ್ಕೆ ಬೇಕು. ಮಡಿಲಲ್ಲಿ ಗಂಗಮ್ಮನನ್ನು ಹೊತ್ತು ಮೈ ಜಾರಿಸಿದರೆ ಕಲ್ಲು ಉರುಳುತ್ತದೆ. ಜಗಲಿಯ ಮೇಲೆ ಮತ್ತೆ ಇಟ್ಟರೆ ನಾಳೆಯಿಂದ ಅವಳಿಗೆ ಅಲ್ಲಿ ಜಾಗವಿಲ್ಲ. ಅತ್ತ ಹುಣಸೂರು ದಾರಿಯಲ್ಲಿ ಧೂಳೆದ್ದಿತ್ತು, ಎತ್ತಿನ ಗೆಜ್ಜೆ ಕೇಳಿಸಿತು. ಯಾವುದೋ ಗಾಡಿಯಿರಬಹುದು, ಅಣ್ಣನದೂ ಇರಬಹುದು. ಅವಳು ತಿರುಗಿ ನೋಡಲಿಲ್ಲ.

ಕೊರಳಿನ ವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ತಾನೇ ಸೇದಿದ ನೀರನ್ನು ತೊಟ್ಟು ತೊಟ್ಟಾಗಿ ಎರೆದಳು. ಪೂಜೆಗೆ ಕೂತವರನ್ನು ಮಾತಾಡಿಸುವ ಪದ್ಧತಿ ಊರಲ್ಲಿರಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಕಾದರು. ಪುಟ್ಟಮಲ್ಲಮ್ಮ ಮಗುವಿನ ಬೆನ್ನು ತಟ್ಟುತ್ತ ನಿಂತಳು. ಗಾಡಿ ಬಂದು ನಿಂತ ಸದ್ದಾಯಿತು.

ಪೂಜೆ ಮುಗಿದು ಎಷ್ಟೋ ಹೊತ್ತಾಗಿತ್ತು. ಕಣ್ಣು ಬಿಟ್ಟರೆ ಮಾತಾಡಿಸುತ್ತಾರೆ, ಇಳಿ ಅನ್ನುತ್ತಾರೆ. ಸುಂದ್ರಮ್ಮ ಕಣ್ಣು ಬಿಡಲಿಲ್ಲ.