ಮೆಟ್ಟಿಲ ಬುಡದ ಕುಂಡಗಳು

ಇಪ್ಪತ್ತೆಂಟು ವರ್ಷ ಡಿಪೋದಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆದು ಪೇಂಟರ್‌ನ ಶ್ವಾಸಕೋಶ ಕೆಟ್ಟುಹೋಗಿತ್ತು. ಡಾಕ್ಟರು ಕೊನೆಗೆ ಬೇಡವೆಂದದ್ದು ಮಾತ್ರ ಮಣ್ಣನ್ನು. ಹಸಿ ಮಣ್ಣಿನ ಬೂಷ್ಟು ಎದೆಯೊಳಗೆ ಹೊಕ್ಕರೆ ಆಮೇಲೆ ನನ್ನನ್ನು ಕೇಳಬೇಡಿ ಎಂದುಬಿಟ್ಟರು. ಮನೆಯ ಬಾಲ್ಕನಿಯಲ್ಲಿದ್ದದ್ದು ಅರವತ್ತಮೂರು ಕುಂಡ. ಕುಂಡ ಎನ್ನುವುದು ಮರ್ಯಾದೆಗೆ; ಎಲ್ಲವೂ ಡಿಪೋದಿಂದ ತಂದ ಖಾಲಿ ಬಣ್ಣದ ಡಬ್ಬಗಳು, ತಳಕ್ಕೆ ಮೊಳೆಯಿಂದ ತೂತು ಹೊಡೆದವು. ಗಿಡ ಸವರಿದಾಗ ಬಿದ್ದ ಕಡ್ಡಿಯನ್ನು ಎಸೆಯಲು ಮನಸ್ಸು ಬಾರದೆ ಒಂದೊಂದನ್ನೂ ಒಂದೊಂದು ಡಬ್ಬಕ್ಕೆ ನೆಟ್ಟು, ಕಾಲಿಡಲು ಜಾಗವಿಲ್ಲದಂತೆ ಮಾಡಿಟ್ಟಿದ್ದ ಮಹಾರಾಯ.

"ಎರಡು ಇಟ್ಕೊಳ್ಳೋಣ, ಮಿಕ್ಕಿದ್ದು ಕೊಟ್ಬಿಡೋಣ ರೀ," ಎಂದಳು ಹೆಂಡತಿ. ಅವಳು ಬೇಕರಿಯ ಕೌಂಟರಿನಲ್ಲಿ ವಾರವಿಡೀ ನಿಂತು ಕಾಲು ಊದಿಸಿಕೊಂಡು ಬರುವವಳು. "ಈ ಶನಿವಾರ ಭಾನುವಾರ ನನಗೂ ರಜ. ಆರಾಮಾಗಿ ಮಾಡೋಣ."

"ಎರಡೇನಾ?"

"ನಿಮಗೊಂದು, ನನಗೊಂದು. ಜಗಳ ಬೇಡ."

ಶನಿವಾರ ನಿಜಕ್ಕೂ ಆರಾಮವಾಗಿಯೇ ಕಳೆಯಿತು. ಅವನು ಬಾಲ್ಕನಿಯ ಗಾಜಿನ ಬಾಗಿಲು ಮುಚ್ಚಿಕೊಂಡು ಒಳಗೆ ಕುರ್ಚಿಯಲ್ಲಿ ಕೂತ. ಕೊಡುವ ಮೊದಲು ಗಿಡಗಳಿಗೆ ಹೊಸ ಮಣ್ಣು ಹಾಕಲು ಅವಳು ಅವನ ಹಳೆಯ ಅಂಗಿ ತೊಟ್ಟು ಹೊರಗೆ ಮಣ್ಣಿನಲ್ಲಿ ಕೂತಳು. ಕೂಗಿದರೆ ಉಬ್ಬಸ ಬರುತ್ತಿತ್ತು, ಅದಕ್ಕೆ ಗಾಜನ್ನು ಬೆರಳಿನಿಂದ ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ಇನ್ನಷ್ಟು ಮಣ್ಣು, ಎರಡು ಸಲ ಕುಟ್ಟಿದರೆ ಸಾಕು. ಅವಳು ಗಿಡವನ್ನು ಡಬ್ಬದಿಂದ ಕಿತ್ತು, ಬೇರಿನ ಗಡ್ಡೆಯನ್ನು ಗಾಜಿನ ಹತ್ತಿರ ಹಿಡಿದು ತೋರಿಸುವಳು. ಅವನು ಕಣ್ಣು ಕಿರಿದು ಮಾಡಿ ನೋಡಿ, ಕೊಳೆತದ್ದನ್ನು ಕತ್ತರಿಸು ಎಂದು ಎರಡು ಬೆರಳಲ್ಲಿ ಕತ್ತರಿ ಆಡಿಸುವನು. ಒಂದು ಒಳ್ಳೆಯ ಗುಲಾಬಿಯನ್ನು ಅವಳು ಲಟಕ್ಕನೆ ಮುರಿದು ನಾಲಿಗೆ ಕಚ್ಚಿಕೊಂಡಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಾಯಿಲೆ ಗೊತ್ತಾದ ಮೇಲಿನ ಎಂಟು ತಿಂಗಳಲ್ಲಿ ಅವರು ಒಟ್ಟಿಗೆ ನಕ್ಕದ್ದು ಅದೇ ಮೊದಲು. ನನ್ನನ್ನು ಇವಳು ಇನ್ನೂ ಲೆಕ್ಕಕ್ಕೆ ಇಟ್ಟಿದ್ದಾಳೆ ಎಂದು ಅವನಿಗೆ ಜೀವ ಬಂದ ಹಾಗಾಯಿತು.

ಭಾನುವಾರ ಬೆಳಿಗ್ಗೆ ಅವಳು ಡಬ್ಬಗಳನ್ನು ಎರಡೆರಡಾಗಿ ಕೆಳಗಿಳಿಸಿದಳು. ಆ ಕಟ್ಟಡದಲ್ಲಿ ಮೆಟ್ಟಿಲ ಬುಡದಲ್ಲಿ ಇಟ್ಟದ್ದು ಯಾರಿಗೆ ಬೇಕೋ ಅವರದು. ಮನೆ ಖಾಲಿ ಮಾಡುವವರು ಅಲ್ಲಿ ಇಡುತ್ತಿದ್ದರು, ಇಲ್ಲವೇ ಸತ್ತವರ ಮನೆಯವರು ಇಡುತ್ತಿದ್ದರು. ಬದುಕಿದ್ದು, ಮನೆಯನ್ನೂ ಬಿಡದೆ ಅಲ್ಲಿ ಸಾಮಾನು ಇಟ್ಟವರಿಲ್ಲ. ಇದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ. ಅವನು ಅಡುಗೆಮನೆಯ ಕಿಟಕಿ ತೆಗೆದು, ಮೊದಲ ಮಹಡಿಯಿಂದ, ತನ್ನ ಗಿಡಗಳು ಯಾರ ಪಾಲಾಗುತ್ತವೆ ಎಂದು ಕಾದು ನಿಂತ.

ಮೊದಲು ಬಂದವಳು ಮೂಲೆಯ ಇಸ್ತ್ರಿ ಅಂಗಡಿಯಾಕೆ.

"ಅಕ್ಕಾ, ಇವು ಪೇಂಟರಣ್ಣನ ಡಬ್ಬಗಳಲ್ವಾ?"

"ಹೌದು."

ಇಸ್ತ್ರಿಯಾಕೆ ಡಬ್ಬದಿಂದ ಕೈ ಹಿಂದಕ್ಕೆ ತೆಗೆದಳು. "ಅಯ್ಯೋ ದೇವರೇ. ಹೋಗ್ಬಿಟ್ರಾ? ಇಲ್ಲೇ ಇದ್ದೂ ನಮಗೆ ಗೊತ್ತಾಗ್ಲಿಲ್ವಲ್ಲಕ್ಕ."

ಮೇಲೆ ಪೇಂಟರ್‌ಗೆ ನಗು ಬಂತು. ಇನ್ನೂ ಇದ್ದೀನಿ ಕಣಮ್ಮ ಎಂದು ಕಿಟಕಿಯಿಂದ ತಲೆ ಹಾಕಲು ಹೊರಟವನು, ಹೆಂಡತಿ ಅವಳ ಬೆವರಿಳಿಸುವುದನ್ನು ಮೊದಲು ಕೇಳೋಣವೆಂದು ತಡೆದ. ಅವನ ವಿಷಯದಲ್ಲಿ ಅಪಶಕುನ ಆಡಿದವರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ.

"ತುಂಬಾ ಕಷ್ಟಪಟ್ರು," ಎಂದಳು ಹೆಂಡತಿ.

ಅವನು ಬಗ್ಗಿ ನೋಡಿದ. ಇಸ್ತ್ರಿಯಾಕೆ ಅವಳನ್ನು ತಬ್ಬಿಕೊಂಡು ನಿಂತಿದ್ದಳು. ಹೆಂಡತಿ ಆಕೆಯ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆಸ್ಪತ್ರೆಯಲ್ಲಿ, ಎಕ್ಸ್‌ರೇ ನೋಡಿದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಅವನು ಕಿಟಕಿಯಿಂದ ಹಿಂದೆ ಸರಿದು ಸ್ಟೂಲಿನ ಮೇಲೆ ಕೂತ.

ಎಷ್ಟೋ ಹೊತ್ತಿನ ಮೇಲೆ ಅವಳು ಬರಿಗೈಯಲ್ಲಿ ಮೇಲೆ ಬಂದಳು.

"ಕಿಟಕಿ ತೆಗ್ದಿತ್ತು," ಎಂದ ಅವನು.

ಅವಳು ಹೊಸ್ತಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟಳು. "ಇದ್ದಾರೆ ಅಂತ ಹೇಳೋಕೆ ಬಾಯಿಗೆ ಬಂತು ರೀ. ಅಷ್ಟರಲ್ಲಿ ತಬ್ಬಿಕೊಂಡ್ಲು. ಎಂಟು ತಿಂಗಳಿಂದ ಎಲ್ರೂ ಅವರು ಹೇಗಿದ್ದಾರೆ, ಅವರು ಹೇಗಿದ್ದಾರೆ ಅಂತಾರೆ. ನೀನು ಹೇಗಿದ್ದೀಯ ಅಂತ ಒಂದು ನರಪಿಳ್ಳೆ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅವನು ಕೇಳಿರಲಿಲ್ಲ, ಅದು ನಿಜ. ಈಗಲಾದರೂ ಕೇಳೋಣವೆಂದರೆ, ಕದ್ದು ಸಿಕ್ಕಿಬಿದ್ದವನು ತಪ್ಪೊಪ್ಪಿಕೊಂಡ ಹಾಗೆ ಕೇಳಿಸೀತು ಎಂದು ನಾಚಿಕೆಯಾಯಿತು.

"ಮತ್ತೇನಂದ್ಲು?" ಎಂದ.

"ನಾಳೆ ಸಂಜೆ ಆರಕ್ಕೆ ಬರ್ತಾಳಂತೆ. ಅಡುಗೆ ಮಾಡ್ಕೊಂಡು ತರ್ತಾಳಂತೆ. ಸ್ವಲ್ಪ ಹೊತ್ತು ಜೊತೇಲಿ ಕೂತಿರ್ತೀನಿ ಅಂದ್ಲು."

ಅವಳ ಕಣ್ಣು ಅತ್ತು ಕೆಂಪಾಗಿತ್ತು. ಆದರೂ ಆ ಮುಖ ಎಷ್ಟೋ ದಿನದ ಮೇಲೆ ಹಗುರಾಗಿ ಕಂಡಿತು. ಅದನ್ನು ನೋಡುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಹಾಗಾದ್ರೆ ಆರಕ್ಕೆ ನಾನು ಒಳಗಿನ ಕೋಣೇಲಿ ಇರ್ತೀನಿ," ಎಂದ. "ಬಾಗಿಲು ಹಾಕ್ಕೋತೀನಿ."

ಛೆ, ಎಂಥ ಮಾತು ಆಡ್ತೀರಿ ಎಂದು ಅವಳು ಬೈಯಲಿ ಎಂದು ಅವನು ಕಾದ. ಅವಳು ಉಗುರಿನ ಸಂದಿಯ ಮಣ್ಣನ್ನು ತೆಗೆಯುತ್ತಾ ಸ್ವಲ್ಪ ಯೋಚಿಸಿದಳು.

"ಲೈಟ್ ಹಾಕ್ಬೇಡಿ ರೀ," ಎಂದಳು. "ಬಾಗಿಲ ಕೆಳಗಿಂದ ಕಾಣುತ್ತೆ."