ದತ್ತವಾಡ ಬಂದು ನಿಂತ ದಿನ

ಕಾಡಸಿದ್ದ ಆ ದೋಣಿಯನ್ನು ಮೊದಲ ಸಲ ನೋಡಿದಾಗ ಅದರಲ್ಲಿ ಎಮ್ಮೆ ನೀರು ಕುಡಿಯುತ್ತಿತ್ತು.

ಗಡಹಿಂಗ್ಲಜದ ಅಣ್ಣಾಸಾಹೇಬರ ಹಿತ್ತಲಲ್ಲಿ ಅದು ಬಿದ್ದು ಎಷ್ಟೋ ವರ್ಷವಾಗಿತ್ತು. ಅಲ್ಯುಮಿನಿಯಂ ದೋಣಿ, ಸಣ್ಣದು. ಸಾಹೇಬರಿಗೆ ಬಾತುಕೋಳಿ ಹೊಡೆಯುವ ಚಟವಿದ್ದ ಕಾಲದಲ್ಲಿ ಎಲ್ಲಿಂದಲೋ ತರಿಸಿದ್ದರು. ಒಂದು ದಿನ ಕೆರೆಯ ಬಾತುಕೋಳಿಗಳೆಲ್ಲ ಸಾಲಾಗಿ ನಿಂತು ಸಾಹೇಬರನ್ನು ಸುಮ್ಮನೆ ನೋಡಿದವಂತೆ. ಸಾಹೇಬರು ಬಂದೂಕು ಕೆಳಗಿಟ್ಟರು, ದೋಣಿ ಎಮ್ಮೆಯ ಪಾಲಾಯಿತು. ಆ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಗಡಿಗೆಯೊಳಗೆ ಅತ್ತಿತ್ತ ತೇಲುತ್ತಿತ್ತು ಎಂದು ಓಣಿಯವರು ಹೇಳುತ್ತಾರೆ. ಕಾಡಸಿದ್ದ ಅದನ್ನು ಕಣ್ಣಾರೆ ಕಂಡಿಲ್ಲ, ಹಾಗಾಗಿ ನಾವೂ ಆ ಮಾತನ್ನು ಬಿಟ್ಟುಬಿಡೋಣ.

ಕಾಡಸಿದ್ದ ದತ್ತವಾಡದ ಕುರಿಗಾರ. ಅವನನ್ನು ಅಲ್ಲಿಗೆ ಎಳೆದು ತಂದವನು ಹೆಂಡತಿ ಬೀರವ್ವನ ತಮ್ಮ ರಾಯಪ್ಪ. ಇಚಲಕರಂಜಿಯ ಒಂದು ಶೆಡ್ಡಿನಲ್ಲಿ ಜಾಬರ್ ಕೆಲಸ, ಅಂದರೆ ಕೆಟ್ಟುನಿಂತ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿ ಓಡಿಸುವವನು. ಮಗ್ಗ ತನ್ನನ್ನು ನೋಡಿದರೆ ಸಾಕು, ಹೆದರಿ ತಾನೇ ಓಡುತ್ತದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅರ್ಧ ಮಗ್ಗಗಳ ಮಟ್ಟಿಗೆ ಅದು ನಿಜವೂ ಇತ್ತು.

"ಮಾಮಾ, ಇದಕ್ಕ ಎರಡ ಇಂಜಿನ್ ಹಚ್ಚಾಂವ ಅದೇನಿ," ಎಂದ ರಾಯಪ್ಪ.

"ಎಮ್ಮಿಗೇನ?"

"ದೋಣಿಗಿ."

"ಇಷ್ಟಕಿನ ದೋಣಿಗಿ ಒಂದ ಭಾಳ ಆತಲ್ಲೊ."

"ಒಂದರ ಮ್ಯಾಲ ಹೋಗತೈತಿ. ಹೊಳ್ಳಿ ಬರೂದ ಹೆಂಗ?"

"ಎಲ್ಲಾ ದೋಣಿ ಹೆಂಗ ಬರತಾವ, ಹಂಗ. ಹೊಳ್ಳಿಸಿಕೊಂಡ."

"ಅಲ್ಲೇ ಐತಿ ನೋಡು ಮೋಸ," ಎಂದು ರಾಯಪ್ಪ ಎಮ್ಮೆಯನ್ನು ಬದಿಗೆ ಸರಿಸಿ ದೋಣಿಯ ಅಂಚಿನ ಮೇಲೆ ಕುಳಿತ. "ತುಂಬಿದ ಹೊಳ್ಯಾಗ ದೋಣಿ ಹೊಳ್ಳುಮುಂದ ಹೊಳಿಗೆ ಬಗಲ ಕೊಡತೈತಿ. ಹೊಳಿ ಬಿಡತೈತೇನ? ಬೋರಲ ಹಾಕತೈತಿ. ಲಾಳಿ ನೋಡು ಲಾಳಿ. ಮಗ್ಗದಾಗ ದಿನಾ ಓಡತೈತಿ, ಒಂದ ದಿನಾರ ಹೊಳ್ಳೇತೇನ? ಈ ಕಡಿಂದ ಒಂದ ಏಟು, ಆ ಕಡಿಂದ ಒಂದ ಏಟು. ಹಿಂದಿಲ್ಲ, ಮುಂದಿಲ್ಲ. ಇದಕ್ಕೂ ಈ ತುದಿಗೊಂದು ಇಂಜಿನ್, ಆ ತುದಿಗೊಂದು. ಹೋಗುಮುಂದ ಒಂದು, ಬರುಮುಂದ ಇನ್ನೊಂದು."

ಕಾಡಸಿದ್ದನಿಗೆ ಇದರಲ್ಲಿ ಎಲ್ಲೋ ಒಂದು ತಪ್ಪು ಇದೆ ಎನಿಸಿತು, ಎಲ್ಲಿ ಎಂದು ಸಿಗಲಿಲ್ಲ. ಬೀರವ್ವ ನೂತ ಉಣ್ಣೆಯ ಎರಡು ಕಂಬಳಿ ಕೊಟ್ಟು ದೋಣಿ ಬಿಡಿಸಿಕೊಂಡರು. ಎಮ್ಮೆ ಊರ ಹೊರಗಿನ ತನಕ ಗಾಡಿಯ ಹಿಂದೆ ಬಂತು.

ಇಂಜಿನ್ನುಗಳು ಬಂದದ್ದು ಕೊಂಕಣದಿಂದ. ಕೊಲ್ಹಾಪುರದ ಬೆಲ್ಲ ಹೊತ್ತು ಘಟ್ಟ ಇಳಿದ ಲಾರಿಯೊಂದು ವಾಪಸು ಬರುವಾಗ, ಮೀನುಗಾರರು ಬಳಸಿ ಬಿಟ್ಟ ಎರಡು ಚಿಮಣಿ ಎಣ್ಣೆಯ ಇಂಜಿನ್ನುಗಳನ್ನು ತಂದಿತು. ದೋಣಿಯ ಹೊರಮೈಗೆ ಕಚ್ಚಿ ತೂಗುಹಾಕುವಂಥವು, ಬುಡದಲ್ಲಿ ಫ್ಯಾನಿನಂಥ ರೆಕ್ಕೆ, ನೆತ್ತಿಯಲ್ಲಿ ಜಗ್ಗಿ ಚಾಲೂ ಮಾಡುವ ಹಗ್ಗ. ಅವಕ್ಕೆ ಎಂಥ ಮೀನಿನ ವಾಸನೆಯೆಂದರೆ, ಇಚಲಕರಂಜಿಯ ಬೆಕ್ಕುಗಳೆಲ್ಲ ಬಂದು ಶೆಡ್ಡಿನ ಹಿಂದೆ ಸುತ್ತುಗಟ್ಟಿ ಕುಳಿತವು. ಕೆಲಸ ಮುಗಿಯುವ ತನಕ ಎದ್ದು ಹೋಗಲಿಲ್ಲ.

ಕೆಲಸ ಸಣ್ಣದಿರಲಿಲ್ಲ. ದೋಣಿಯ ಹಿಂಭಾಗ ಮೊದಲೇ ಚಪ್ಪಟೆ ಇತ್ತು, ಅಲ್ಲಿ ಇಂಜಿನ್ನು ಕೂರುತ್ತದೆ. ಮುಂದೆ ಮಾತ್ರ ಚೂಪು ಮೂತಿ. ರಾಯಪ್ಪ ಆ ಮೂತಿಯನ್ನು ಗರಗಸದಿಂದ ಕೊಯ್ದು ಚಪ್ಪಟೆ ತಗಡು ಹೊಂದಿಸಿ ರಿವೆಟ್ ಹೊಡೆದ. ಬರೀ ತಗಡಿಗೆ ಇಂಜಿನ್ನು ತೂಗುಹಾಕಿದರೆ ಅದರ ನಡುಕಕ್ಕೆ ಹಪ್ಪಳದ ಹಾಗೆ ಹರಿದುಹೋಗುತ್ತದೆ. ಅದಕ್ಕೆ ಎರಡೂ ತುದಿಗೆ ಒಳಗಿನಿಂದ ಮರ ಕೂರಿಸಿದ. ಅದು ಎಂಥ ಮರ? ಗುಜರಿಗೆ ಹೋಗಬೇಕಿದ್ದ ಹಳೆಯ ಮಗ್ಗದ ಹಾಥ್ಯಾ, ನೇಯುವಾಗ ನೂಲಿಗೆ ಪೆಟ್ಟು ಕೊಡುವ ದಪ್ಪ ತೊಲೆ. ಹುಟ್ಟಿದಾಗಿನಿಂದ ನಡುಗುತ್ತಲೇ ಬಂದ ಮರ, ಇದಕ್ಕೆ ನಡುಕ ಹೊಸದಲ್ಲ ಎಂದು ರಾಯಪ್ಪನ ವಾದ. ಮೂಲೆಗಳಿಗೆ ಹಿಡಿತ ಕೊಡುವ ಕಟ್ಟುಗಳನ್ನು ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿ ತಂದ. ಕೊನೆಗೆ ದೋಣಿಯನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು ಒಳಗೆ ನೀರು ತುಂಬಿಸಿದರು, ಎಲ್ಲಿ ಸೋರುತ್ತದೆ ನೋಡಲಿಕ್ಕೆ. ಕೆಳಗೆ ಒಂದೇ ಒಂದು ಹನಿ ಬಿತ್ತು. ಮುಟ್ಟಿ ನೋಡಿದರೆ ಅದು ರಾಯಪ್ಪನ ಬೆವರು.

ಇಚಲಕರಂಜಿಯಲ್ಲಿ ಪಂಚಗಂಗೆಯ ಘಾಟಿನ ಮೇಲೆ ಪರೀಕ್ಷೆ. ಮಳೆ ಆಗಷ್ಟೇ ಹಿಡಿದಿತ್ತು, ನದಿ ಕೆಂಪಾಗಿ ಓಡುತ್ತಿತ್ತು. ಶೆಡ್ಡಿಗೆ ಶೆಡ್ಡೇ ಬಂದಿತ್ತು. ರಾಯಪ್ಪ ಒಂದು ತುದಿಗೆ, ಬೇಡವೆಂದರೂ ಕೇಳದೆ ಹತ್ತಿಸಿದ ಕಾಡಸಿದ್ದ, ಕೈಯಲ್ಲಿದ್ದ ಚಹದ ಕಪ್ಪಿನ ಸಮೇತ, ಇನ್ನೊಂದು ತುದಿಗೆ. ನಡು ನೀರಿಗೆ ಹೋದ ಮೇಲೆ ರಾಯಪ್ಪ ತಲೆ ಎತ್ತಿ, "ನಿಂದೂ ಹಗ್ಗ ಜಗ್ಗು ಮಾಮಾ," ಎಂದ.

"ಬರುಮುಂದ ಅಲ್ಲೇನ ಇದು?"

"ಜಗ್ಗು ಅಂದ್ನಿ."

ಕಾರಣ ಇಷ್ಟೇ. ಶೆಡ್ಡಿನಲ್ಲಿ ಒಬ್ಬನ ಕೈಗೆ ಜೋಡಿ ಮಗ್ಗ ಇರುತ್ತವೆ. ಒಂದು ಓಡುವಾಗ ಇನ್ನೊಂದು ಸುಮ್ಮನೆ ನಿಂತಿದ್ದರೆ ಅದು ಜಾಬರನಿಗೆ ಅವಮಾನ. ನಿಂತ ಇಂಜಿನ್ನು ಕಣ್ಣೆದುರಿಗೆ ಇರುವಾಗ ರಾಯಪ್ಪನ ಕೈ ತಡೆಯಲಿಲ್ಲ.

ಕಾಡಸಿದ್ದ ಹಗ್ಗ ಜಗ್ಗಿದ. ಒಂದು ಇಂಜಿನ್ನು ಹೊಳೆಯ ಮೇಲಕ್ಕೆ ನೂಕಿತು, ಇನ್ನೊಂದು ಹೊಳೆಯ ಕೆಳಕ್ಕೆ ನೂಕಿತು. ದೋಣಿ ನಿಂತುಬಿಟ್ಟಿತು.

ನಿಂತದ್ದು ಎಂದರೆ ಹೇಗೆ, ನೆಲದ ಮೇಲಿನ ಬಂಡೆಯ ಹಾಗೆ. ಕೆಂಪು ನೀರು ಎರಡೂ ಬಗಲಿಗೆ ಓಡುತ್ತಿದೆ. ಬಾಳೆಯ ದಿಂಡೊಂದು ತೇಲಿ ಬಂತು, ದೋಣಿಯ ಪಕ್ಕ ಒಂದು ಗಳಿಗೆ ತಡೆದು ಮುಂದೆ ಹೋಯಿತು. ದೋಣಿ ಅಲ್ಲಾಡಲಿಲ್ಲ, ತೂಗಾಡಲಿಲ್ಲ. ಕಾಡಸಿದ್ದನ ಎದುರಿಗೆ ಹಲಗೆಯ ಮೇಲಿದ್ದ ಚಹದ ಕಪ್ಪಿನಲ್ಲಿ ಚಹದ ಕೆನೆ ಮುರಿಯಲಿಲ್ಲ. ನಗಬೇಕೆಂದು ಬಂದ ಮಂದಿ ನೋಡಲೆಂದು ನೀರಿನ ಅಂಚಿಗೆ ಇಳಿದು ಬಂದರು. ಬಟ್ಟೆ ಒಗೆಯುತ್ತಿದ್ದ ಮುದುಕಿ ಹೌಸಾಬಾಯಿ ಸೆರಗು ಸರಿಮಾಡಿಕೊಂಡು ನೀರಿಗೆ ಕೈಮುಗಿದಳು.

"ದೇವಾಚಿ ನಾವ ಹಾಯ ಹೀ," ಎಂದಳು. ಇದು ದೇವರ ದೋಣಿ ಎಂದು.

"ಹೊಂಟಿಲ್ಲಲ್ಲೊ ರಾಯಪ್ಪಾ," ಎಂದು ಕಾಡಸಿದ್ದ ಪಿಸುಗುಟ್ಟಿದ.

"ಹೋಗೂದು ಎಲ್ಲಾ ದೋಣಿಗೂ ಬರತೈತಿ," ಎಂದ ರಾಯಪ್ಪ, ಮೊದಲಿನಿಂದಲೂ ಇದನ್ನೇ ಮಾಡಬೇಕೆಂದು ಇದ್ದವನ ಹಾಗೆ. "ಹಿಂದಿಂದು ಹೊಳೀ ಕೂಡ ಜಗಳಾ ತಗದೈತಿ. ಮುಂದಿಂದು ಅದಕ್ಕ ಗೆಲ್ಲಾಕ ಬಿಡವೊಲ್ದು. ಹಾಸು ಎರಡೂ ಕಡಿಂದ ಜಗ್ಗಿದ್ರ ನೂಲು ಹೆಂಗ ಸೆಟದ ನಿಂದರತೈತಿ, ಹಂಗ."

ದತ್ತವಾಡಕ್ಕೆ ವಾಪಸಾದ ಕಾಡಸಿದ್ದ ಹೆಂಡತಿಗೆ ಇದನ್ನೆಲ್ಲ ಹೇಳಿದ. ಬೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮನ್ಯಾಗಿನ ಒರಳೂ ನಿಂತ ಐತ್ರಿ. ಅದಕ್ಕ ಇಂಜಿನ್ ಬೇಕಾಗಿಲ್ಲ," ಎಂದಳು.

ಅದೇ ಮಳೆಗಾಲದಲ್ಲಿ, ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ದೂಧಗಂಗೆ ತನಗೆ ಯಾರೂ ಏನೂ ಹೇಳಬಾರದು ಎಂಬ ಹಾಗೆ ಏರಿತು.

ಗಂಡಹೆಂಡತಿ ಇಬ್ಬರೂ ಆಗ ಆಚೆ ದಂಡೆಯಲ್ಲಿ ಕುರಿ ತರುಬಿದ್ದರು. ಗೊಬ್ಬರಕ್ಕಾಗಿ ರೈತರು ತಮ್ಮ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಕಾಳು ಕೊಡುತ್ತಾರಲ್ಲ, ಅದು. ಜೋಳ ತರಲೆಂದು ಕಾಡಸಿದ್ದ ಒಬ್ಬನೇ ಊರಿಗೆ ಬಂದ. ಬೆಳಗಾಗುವುದರಲ್ಲಿ ನದಿ ಕಬ್ಬಿನ ಹೊಲಗಳನ್ನೆಲ್ಲ ನುಂಗಿ, ಆಚೆ ದಂಡೆಯ ಹಿಂದಿದ್ದ ಹಳ್ಳವನ್ನೂ ಉಬ್ಬಿಸಿತ್ತು. ಆಚೆಯ ಎತ್ತರದ ಮಡ್ಡಿ ದ್ವೀಪವಾಯಿತು. ಅದರ ಮೇಲೆ ಬೀರವ್ವ ಮತ್ತು ಕುರಿಗಳು, ಬಿಳಿ ಕರಿ ಚುಕ್ಕೆಗಳ ಹಾಗೆ. ಮಡ್ಡಿ ದಿನಾ ಸಣ್ಣದಾಗುತ್ತಿತ್ತು.

ನಾವೆಯ ತಾನಾಜಿ ಒಳ್ಳೆಯವನು. ಆದರೂ ತಲೆಯಾಡಿಸಿದ. "ಮಂದೀನ ತರತೇನಿ ಕಾಡಸಿದ್ದಾ. ಕುರಿ ಒಲ್ಲೆ. ಒಂದು ಹೆದರಿದ್ರ ಎಲ್ಲಾ ಒಂದ ಬಾಜೂಕ ಜಿಗೀತಾವ, ನಾವೀನ ಬೋರಲಾಗತೈತಿ."

"ಆಕೀನಾರ ಕರಕೊಂಡ ಬಾ."

ತಾನಾಜಿ ಹೋಗಿ ಒಬ್ಬನೇ ಬಂದ. "ಪಾಟೀಲ ಹತ್ತಿದ್ರ ನಾ ಹತ್ತತೇನಿ ಅಂದ್ಳು. ಅಂವ ನನ್ನ ನಾವಿಗೆ ಮೂಸೀನೂ ನೋಡಲಿಲ್ಲ."

ಪಾಟೀಲನೆಂದರೆ ಮಂದೆಯ ಮುಂದಾಳು ಟಗರು. ಯಾರು ಬಂದರೂ ಕುಳಿತಲ್ಲಿಂದ ಏಳುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಅದು ಹೋದಲ್ಲಿ ಕುರಿಗಳೆಲ್ಲ ಹೋಗುತ್ತವೆ, ಅದು ಹೋಗದಿದ್ದಲ್ಲಿಗೆ ದೇವರು ಕರೆದರೂ ಹೋಗುವುದಿಲ್ಲ. ಅಲ್ಲಾಡುವ ವಸ್ತುವಿನ ಮೇಲೆ ಪಾಟೀಲ ಹುಟ್ಟಿದಾಗಿನಿಂದ ಕಾಲಿಟ್ಟಿರಲಿಲ್ಲ. ಕುರಿ ಬಿಟ್ಟು ಬೀರವ್ವ ಬರುವವಳಲ್ಲ. ಹೀಗೆ ಕಾಡಸಿದ್ದನ ಸಂಸಾರವೆಲ್ಲ ಒಂದು ಟಗರಿನ ಕಾಲಿನ ಮೇಲೆ ನಿಂತಿತ್ತು.

ಅವನು ಇಚಲಕರಂಜಿಗೆ ಹೋದ. ಶೆಡ್ಡಿನ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಹೇಳಬೇಕಾಯಿತು. ರಾಯಪ್ಪ ತನ್ನ ಕೈಯಲ್ಲಿದ್ದ ಎರಡೂ ಮಗ್ಗ ನಿಲ್ಲಿಸಿದ. ಅದನ್ನು ನೋಡಿ ಉಳಿದವರೂ ತಮ್ಮ ಮಗ್ಗ ನಿಲ್ಲಿಸಿ ಯಾರು ಸತ್ತರು ಎಂದು ಕೇಳಿದರು. ಮಧ್ಯಾಹ್ನಕ್ಕೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ದೋಣಿ ದತ್ತವಾಡಕ್ಕೆ ಬಂತು.

ಹೋಗುವಾಗ ರಾಯಪ್ಪನ ಇಂಜಿನ್ನು ಓಡಿತು, ಕಾಡಸಿದ್ದನದನ್ನು ನೀರಿನಿಂದ ಮೇಲಕ್ಕೆ ಮಗುಚಿ ಇಟ್ಟಿದ್ದರು. ಅಲೆಯ ಹೊಡೆತಕ್ಕೆ ದೋಣಿ ಕುಪ್ಪಳಿಸುತ್ತ ಹೋಗಿ ಮಡ್ಡಿಗೆ ಹತ್ತಿತು. ಮೇಯಲು ಹುಲ್ಲಿನ ಒಂದು ಗರಿಯೂ ಉಳಿದಿರಲಿಲ್ಲ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಡುವೆ ಒದ್ದೆ ಕಂಬಳಿ ಹೊದ್ದ ಬೀರವ್ವ.

"ಜ್ವಾಳ ತರಾಕ ಹೋದವ್ರು ಏನ ತಂದ್ರಿ?" ಎಂದಳು. ದನಿ ನಡುಗುತ್ತಿತ್ತು. ಚಳಿಗೆ ಎಂದು ಅವಳು ಆಮೇಲೆ ಹೇಳಿದಳು.

ಪಾಟೀಲ ಬಂತು. ಮುಂಗಾಲು ದೋಣಿಯ ಅಂಚಿಗೆ ಇಟ್ಟಿತು. ದೋಣಿ ಓಲಿತು. ಟಗರು ಕಾಲು ಹಿಂದೆ ತೆಗೆದು, ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ನೋಡುವ ಹಾಗೆ ಕಾಡಸಿದ್ದನನ್ನು ನೋಡಿತು. ನೂಕಿದರು, ಬೇಡಿಕೊಂಡರು, ಬೀರವ್ವ ಉಡಿಯಲ್ಲಿದ್ದ ಕೊನೆಯ ಜೋಳ ತೋರಿಸಿದಳು. ಅದು ಹಿಂದೆ ಹೋಗಿ ಕುಳಿತುಬಿಟ್ಟಿತು. ನೀರು ಅದರ ಬಾಲದ ತನಕ ಬಂದಿತ್ತು.

ಕಾಡಸಿದ್ದ ಚಹದ ಕಪ್ಪನ್ನು ನೆನೆದ.

"ರಾಯಪ್ಪಾ," ಎಂದ, "ಎರಡೂ ಚಾಲೂ ಮಾಡು."

ರಾಯಪ್ಪ ಮೊದಲ ಸಲ ಮಾತಾಡದೆ ಒಂದು ಕೆಲಸ ಮಾಡಿದ. ಎರಡು ಇಂಜಿನ್ನುಗಳು ಗುಡುಗಿದವು, ಒಂದು ಆ ಕಡೆ ಜಗ್ಗಿತು, ಒಂದು ಈ ಕಡೆ. ಮಡ್ಡಿಯ ಬಗಲಲ್ಲಿ ದೋಣಿ ಬಿಗಿದು ನಿಂತಿತು. ಅಲೆಗಳು ಬಂದು ಹೊಡೆದವು, ಗೋಡೆಗೆ ಹೊಡೆದ ಹಾಗೆ ಹಿಂದೆ ಹೋದವು.

ಪಾಟೀಲ ಎದ್ದು ಬಂತು. ಒಂದು ಕಾಲಿಟ್ಟಿತು. ಇನ್ನೊಂದು ಇಟ್ಟಿತು. ನಾಲ್ಕೂ ಇಟ್ಟು, ತಗಡನ್ನು ಮೂಸಿ, ಎಮ್ಮೆಯ ವಾಸನೆ ಸಿಕ್ಕಿತೋ ಏನೋ, ಸಮಾಧಾನದಿಂದ ನಡುವೆ ಕುಳಿತುಕೊಂಡಿತು. ಹಿಂದಿನವು ಒಂದರ ಹಿಂದೊಂದು ಬಂದವು. ದೋಣಿ ಹಿಡಿಸುವಷ್ಟು ಹತ್ತಿದ ಮೇಲೆ ಬೀರವ್ವ ಮಡ್ಡಿಯ ಮೇಲೆಯೇ ನಿಂತು ಉಳಿದವಕ್ಕೆ ಕೋಲು ಅಡ್ಡ ಹಿಡಿದಳು.

ರಾಯಪ್ಪ ತನ್ನ ಇಂಜಿನ್ನಿನ ವೇಗ ಮೆಲ್ಲಗೆ ಇಳಿಸಿ, ನಿಲ್ಲಿಸಿ, ನೀರಿನಿಂದ ಮೇಲಕ್ಕೆತ್ತಿದ. ಈಗ ಓಡುವುದು ಕಾಡಸಿದ್ದನದು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು ಹಿಡಿಕೆ ಹಿಡಿದು ಕುಳಿತ. ಕುರಿಗಳು ಬೆಚ್ಚಲಿಲ್ಲ, ಪಾಟೀಲ ಮೆಲುಕು ಹಾಕುತ್ತಿತ್ತು. ಇದೇನು ಎಂದು ಕಾಡಸಿದ್ದ ತಲೆ ಎತ್ತಿ ನೋಡಿದ, ನೋಡಿದವನು ಹಾಗೇ ಉಳಿದ.

ದೋಣಿ ಎಲ್ಲಿಗೂ ಹೋಗುತ್ತಿರಲಿಲ್ಲ. ದತ್ತವಾಡ ಬರುತ್ತಿತ್ತು. ದೂರದಲ್ಲಿ ಅಂಗೈಯಷ್ಟಿದ್ದ ಊರು, ತನ್ನ ಬೀರದೇವರ ಗುಡಿ, ಬೇವಿನ ಮರ, ಒಲೆಯ ಹೊಗೆ, ದನಕರುಗಳನ್ನೆಲ್ಲ ಹೊತ್ತುಕೊಂಡು, ಕೆಂಪು ನೀರಿನ ಮೇಲೆ ಸದ್ದಿಲ್ಲದೆ ಅವನ ಕಡೆಗೆ ನಡೆದು ಬರುತ್ತಿತ್ತು. ಗುಡಿಯ ಮೆಟ್ಟಿಲುಗಳು ಬಂದವು. ಬಾಯಿ ತೆರೆದ ತಾನಾಜಿ ಬಂದ, ಬರಬರುತ್ತ ದೊಡ್ಡವನಾದ. ಇಷ್ಟು ವರ್ಷ ತಾನೇ ಊರಿಗೆ ಹೋಗುತ್ತಿದ್ದ. ಊರು ಅವನಿಗಾಗಿ ಹೊರಟು ಬಂದದ್ದು ಇದೇ ಮೊದಲು.

ದಂಡೆ ಮುಟ್ಟಿದಾಗ ಪಾಟೀಲ ಇಳಿಯಲು ಒಪ್ಪಲಿಲ್ಲ. ಅದರ ಲೆಕ್ಕದಲ್ಲಿ ತಾನು ಗಟ್ಟಿ ನೆಲದ ಮೇಲಿದೆ, ಈ ದತ್ತವಾಡ ಎಂಬುದೇ ನೀರಿನ ಮೇಲೆ ತೇಲಿ ಬಂದ ವಸ್ತು. ಅಂಥದರ ಮೇಲೆ ಕಾಲಿಡುವುದು ಹೇಗೆ?

"ಖರೇ ಐತಿ ಅದರ ಮಾತು," ಎಂದ ರಾಯಪ್ಪ, ತನ್ನ ಇಂಜಿನ್ನನ್ನೂ ನೀರಿಗಿಳಿಸಿ ಹಗ್ಗ ಜಗ್ಗಿದ. ದತ್ತವಾಡ ಗಕ್ಕನೆ ನಿಂತಿತು. ಟಗರು ಎದ್ದು, ಮೈ ಕೊಡವಿ, ಊರಿನ ಮೇಲೆ ಕಾಲಿಟ್ಟಿತು.

ಆಮೇಲೆ ಸಂಜೆಯ ತನಕ ಆ ದೋಣಿ ಒಮ್ಮೆಯೂ ಹೊಳ್ಳದೆ ದೂಧಗಂಗೆಯನ್ನು ನೇಯ್ದಿತು. ಕುರಿ ಹತ್ತುವಾಗ ಮಡ್ಡಿ ನಿಲ್ಲುತ್ತಿತ್ತು, ಇಳಿಯುವಾಗ ಊರು ನಿಲ್ಲುತ್ತಿತ್ತು. ಪ್ರತಿ ಸಲವೂ ಪಾಟೀಲ ಜೊತೆಗೆ ಹೋಗಿ ಬರಬೇಕಾಯಿತು, ಅದಕ್ಕೆ ಅದರ ತಕರಾರೇನೂ ಇರಲಿಲ್ಲ. ಕೊನೆಯ ಸರದಿಯಲ್ಲಿ ಮಡ್ಡಿಯ ಮೇಲೆ ಉಳಿದದ್ದು ಚಾಪೆಯಷ್ಟು ಜಾಗ. ಬೀರವ್ವ ಉಡಿಯಲ್ಲಿ ಒಂದು ಮರಿ ಕಟ್ಟಿಕೊಂಡು ದೋಣಿ ಹತ್ತಿದಳು. ಹೊಳೆಯ ನಡುವೆ ಊರು ತನ್ನ ಕಡೆಗೆ ಬರುವುದನ್ನು ಕಂಡಳು. ಅವಳು ಏನಾದರೂ ಅನ್ನುತ್ತಾಳೆಂದು ರಾಯಪ್ಪ ಕಾದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಗುಡಿಯೊಳಗೆ ಹೋಗುವಾಗ ಎಳೆದುಕೊಳ್ಳುವ ಹಾಗೆ.

ದಂಡೆ ತಾಗಿತು. ಕಾಡಸಿದ್ದ ಇಳಿಯಲೆಂದು ಎದ್ದ. ಬೀರವ್ವ ಅವನ ಧೋತರದ ಚುಂಗು ಹಿಡಿದು ಜಗ್ಗಿದಳು.

"ತಡೀರಿ," ಎಂದಳು ಸಣ್ಣ ದನಿಯಲ್ಲಿ. "ಊರು ಪೂರಾ ನಿಂತೈತೇನ, ನೋಡ್ರಿ ಮೊದಲ."

ಅದೇ ಊರಲ್ಲಿ ಹುಟ್ಟಿ, ಅದೇ ಮಣ್ಣಿನಲ್ಲಿ ಬೆಳೆದ ಕಾಡಸಿದ್ದ ಕೈಯಲ್ಲಿದ್ದ ಕೋಲು ಚಾಚಿ, ಗುಡಿಯ ಮೆಟ್ಟಿಲನ್ನು ಮೆಲ್ಲಗೆ ಒತ್ತಿ ನೋಡಿದ. ನಿಂತಿತ್ತು. ಆಮೇಲೆ ಕಾಲಿಟ್ಟ.